ಹಗ್ಗ ಹಿಡಿಯುವವರ ಬಟ್ಟೆ

"ಸ್ವಲ್ಪ ಈಚೆ ಬರ್ತೀರಾ? ನಿಮ್ಮ ಲಂಗ ಹಗ್ಗಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ." ಹಾಯಿಹಡಗಿನ ಡೆಕ್ ಮೇಲೆ ಒಬ್ಬ ಹುಡುಗಿ ನನಗೆ ಹೇಳಿದ ಮಾತು ಇದು. ಹಡಗಿನ ಕೆಲಸದವಳು. ಮರ್ಯಾದೆಯಾಗಿಯೇ ಹೇಳಿದಳು, ನಗುತ್ತಲೇ ಹೇಳಿದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಮಾತು ಒಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು. ಎರಡು ವರ್ಷ ಆಯಿತು. ಕೈಗೆ ಸೂಜಿ ತೆಗೆದುಕೊಂಡಾಗಲೆಲ್ಲ ಈಗಲೂ ನೆನಪಾಗುತ್ತದೆ.

ಅವತ್ತು ನಾವು ಇಪ್ಪತ್ತೆರಡು ಜನ ಇದ್ದೆವು. ಹಳೆಯ ಕಾಲದ ಉಡುಪಿನ ಬಗ್ಗೆ ಓದುವುದು, ಅದನ್ನು ಹೊಲಿಯುವುದು, ತೊಟ್ಟು ಒಂದು ದಿನ ಕಳೆಯುವುದು ನಮ್ಮೆಲ್ಲರಿಗೂ ಇಷ್ಟ. ಆಗಾಗ ಎಲ್ಲಾದರೂ ಸೇರುತ್ತೇವೆ. ಸಾಮಾನ್ಯವಾಗಿ ಯಾವುದಾದರೂ ಹಳೆಯ ಬಂಗಲೆ, ಇಲ್ಲವೇ ತೋಟ. ಆ ಸಲ ಎರಡು ಕೂವೆಮರದ, ಅಂದರೆ ಹಾಯಿ ಕಟ್ಟುವ ಎರಡು ಕಂಬದ, ಹಾಯಿಹಡಗೊಂದು ಒಂದು ದಿನದ ಮಟ್ಟಿಗೆ ಸಿಕ್ಕಿತ್ತು. ಕಾಲ 1780ರ ಆಸುಪಾಸು ಎಂದು ಮೊದಲೇ ಗೊತ್ತುಮಾಡಿಕೊಂಡೆವು. ನನ್ನ ಗೌನು ಹೊಲಿಯಲು ಐದು ತಿಂಗಳು ಹಿಡಿಯಿತು. ಪೂರ್ತಿ ಕೈಹೊಲಿಗೆ. ಹೊಲಿಗೆ ಯಂತ್ರ ಮನೆಮನೆಗೆ ಬಂದದ್ದು 19ನೇ ಶತಮಾನದ ನಡುವಿನ ನಂತರ ತಾನೇ? ಬಟ್ಟೆ ಹೂಬಳ್ಳಿಯ ಅಚ್ಚಿನ ಹತ್ತಿ. ಇಂಗ್ಲಿಷಿನವರು ಚಿಂಟ್ಜ್ ಅನ್ನುವುದು, ನಮ್ಮ ಹಿರಿಯರು ಚೀಟಿ ಬಟ್ಟೆ ಅನ್ನುತ್ತಿದ್ದುದು ಅದನ್ನೇ. ಕೋರಮಂಡಲ ತೀರದಿಂದ ಹಡಗು ಹಡಗೇ ತುಂಬಿ ಹೋಗುತ್ತಿದ್ದ ಬಟ್ಟೆ. ಅದರ ಮೋಹ ಎಷ್ಟಿತ್ತೆಂದರೆ ತಮ್ಮ ನೇಕಾರರು ಹಾಳಾಗುತ್ತಾರೆ ಎಂದು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. 1759ರವರೆಗೆ ಆ ನಿಷೇಧ ಇತ್ತು. ಇಂಗ್ಲೆಂಡಿನಲ್ಲಿ 1721ರ ಕಾಯಿದೆ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೇ ಅಪರಾಧ ಮಾಡಿತು. 1774ರಲ್ಲಿ ತಮ್ಮಲ್ಲೇ ತಯಾರಾದ ಬಟ್ಟೆಗೆ ಮಾತ್ರ ಸಡಿಲಿಸಿತು. ಒಂದು ಹೂವಿನ ಬಟ್ಟೆಗಾಗಿ ಇಷ್ಟೆಲ್ಲ ಆಗಿದೆ ಅನ್ನುವುದು ಗೊತ್ತಿದ್ದೇ ನಾನು ಅದನ್ನು ಆರಿಸಿಕೊಂಡಿದ್ದೆ. ಹಡಗಿಗೆ ಇದಕ್ಕಿಂತ ಒಪ್ಪುವ ಬಟ್ಟೆ ಬೇರೆ ಇಲ್ಲ ಅನ್ನಿಸಿತ್ತು.

ಬಂದರು ದಾಟಿದ ಮೇಲೆ ಹಡಗಿನ ಮುಖ್ಯಸ್ಥ ಜೋರಾಗಿ ಕೂಗಿದ. ಮುಂದಿನ ಕೂವೆಮರದ ಹಾಯಿ ಏರಿಸಬೇಕು, ಕೈ ಕೊಡುವವರು ಬನ್ನಿ ಎಂದು. ನಾನು ಓಡಿದೆ. ಹಗ್ಗ ಹಿಡಿದೆ. ಮೊದಲ ಎಳೆತ ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ತೋಳು ಮುಂದಕ್ಕೆ ಚಾಚಿದ್ದೇ ತಡ, ಬೆನ್ನಿನ ಹತ್ತಿರ ತೋಳಿನ ಹೊಲಿಗೆ ಚರ್ರನೆ ಬಿಟ್ಟುಕೊಂಡಿತು. ಅದೇ ಹೊತ್ತಿಗೆ ಆ ಹುಡುಗಿ ಬಂದಳು. ನನ್ನ ಲಂಗದ ಅಂಚು ಡೆಕ್ ಮೇಲಿನ ಹಗ್ಗದ ಸುರುಳಿಯ ಮೇಲೆ ಹರಡಿಕೊಂಡಿತ್ತು. ಮೇಲಿನಿಂದ ಭಾರ ಜಾರಿದರೆ ಆ ಸುರುಳಿ ಸರಸರ ಬಿಚ್ಚಿಕೊಂಡು ಓಡುತ್ತದೆ, ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಬಟ್ಟೆಯಾದರೂ ಅಷ್ಟೇ, ಕಾಲಾದರೂ ಅಷ್ಟೇ. ನಾನು ಪಕ್ಕಕ್ಕೆ ಸರಿದೆ. ಹಗ್ಗದಲ್ಲಿ ನನ್ನ ಜಾಗಕ್ಕೆ ಅವಳು ಬಂದಳು. ಆರು ಜನ ಒಂದೇ ಉಸಿರಿನಲ್ಲಿ ಎಳೆದರು. ಹಾಯಿ ಕಟ್ಟಿದ್ದ ಅಡ್ಡಮರ ಕಿರಗುಟ್ಟುತ್ತ ಮೇಲೇರಿತು. ಹಾಯಿ ಬಿಚ್ಚಿಕೊಂಡು ಗಾಳಿ ತುಂಬಿದ ಕ್ಷಣ ಕಾಲಡಿಯ ಹಲಗೆ ಓರೆಯಾಯಿತು. ಇಡೀ ಹಡಗಿಗೆ ಜೀವ ಬಂದಂತಾಯಿತು. ನಾನು ಹರಿದ ತೋಳನ್ನು ಶಾಲಿನಿಂದ ಮುಚ್ಚಿಕೊಂಡು ನೋಡುತ್ತಾ ನಿಂತಿದ್ದೆ.

ಚಿತ್ರದಿಂದ ಹೊರಗೆ ಉಳಿದವರು

ಮನೆಗೆ ಬಂದು ಫೋಟೋ ನೋಡಿದೆ. ತುಂಬಾ ಚೆನ್ನಾಗಿ ಬಂದಿದ್ದವು. ನೀಲಿ ಕೋಟು, ಬಿಳಿ ಕಾಲುಚೀಲ, ಮೂರು ಮೂಲೆಯ ಟೋಪಿ, ರೇಷ್ಮೆ ಲಂಗಗಳು. ನಮ್ಮ ಇಪ್ಪತ್ತೆರಡು ಜನರಲ್ಲಿ ಒಂಬತ್ತು ಜನ ನೌಕಾಧಿಕಾರಿಗಳಾಗಿದ್ದರು. ಉಳಿದವರು ಅವರ ಹೆಂಡತಿಯರು, ವ್ಯಾಪಾರಿಗಳು, ಒಬ್ಬ ವೈದ್ಯ, ಒಬ್ಬ ಪಾದ್ರಿ. ಹಗ್ಗ ಎಳೆಯುವ ಸಾಮಾನ್ಯ ನಾವಿಕ, ಅಂದರೆ ಖಲಾಸಿ, ಒಬ್ಬನೂ ಇರಲಿಲ್ಲ. ಹಡಗಿನ ತುಂಬಾ ಸಾಹೇಬರೇ. ಇನ್ನೊಂದು ವಿಷಯ ನನ್ನ ಫೋನಿನಲ್ಲೇ ಇತ್ತು. ನನಗೆ ತುಂಬಾ ಹಿಡಿಸಿದ ಫೋಟೋವನ್ನು ನಾನು ಒಂದು ಬದಿಯಿಂದ ಕತ್ತರಿಸಿದ್ದೆ. ಮೂಲ ಚಿತ್ರ ತೆಗೆದು ನೋಡಿದರೆ ಆ ಬದಿಯಲ್ಲಿ ಅದೇ ಹುಡುಗಿ ಇದ್ದಳು. ಈ ಕಾಲದ ಜಾಕೆಟ್, ಸೊಂಟದಲ್ಲಿ ಸುರಕ್ಷತಾ ಪಟ್ಟಿ, ಕೈಯಲ್ಲಿ ಹಗ್ಗ. ಚಿತ್ರ ಕೆಡುತ್ತದೆ ಅಂತ ಅವಳನ್ನು ತೆಗೆದುಹಾಕಿದ್ದೆ. ಅವಳು ಹಗ್ಗ ಹಿಡಿದಿದ್ದರಿಂದಲೇ ನಾನು ನಿಂತಿದ್ದ ಡೆಕ್ ಓಡುತ್ತಿತ್ತು. ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಹಡಗನ್ನು ನಾವು ನಾಟಕದ ಪರದೆಯ ಹಾಗೆ ಬಳಸಿಕೊಂಡಿದ್ದೆವು ಅನ್ನುವುದು ಆಗ ಹೊಳೆಯಿತು. ಹಳೆಯ ಮಾದರಿಯಲ್ಲಿ ಕಟ್ಟಿದ ಹಡಗುಗಳು ಸುಮ್ನೆ ನೋಡಲು ಇರುವುದಲ್ಲ. ಸ್ವೀಡನ್ನಿನ ಗೋಥೆಬೋರ್ಗ್ ಹಡಗನ್ನೇ ತೆಗೆದುಕೊಳ್ಳಿ. ಮೂಲ ಹಡಗು 1745ರಲ್ಲಿ ಚೀನಾದಿಂದ ಸರಕು ತುಂಬಿಕೊಂಡು ವಾಪಸ್ ಬಂದು, ಇನ್ನೇನು ಊರು ಸೇರಬೇಕು ಅನ್ನುವಾಗ ಬಂದರಿನ ಬಾಯಲ್ಲೇ ಮುಳುಗಿತು. ಅದರ ಪಡಿಯಚ್ಚು 2003ರಲ್ಲಿ ನೀರಿಗಿಳಿಯಿತು, 2005ರಲ್ಲಿ ಹೊರಟು ಚೀನಾದವರೆಗೂ ಹೋಗಿಬಂತು. 2023ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಹತ್ತಿರದ ಸಮುದ್ರದಲ್ಲಿ ಒಂದು ಸಣ್ಣ ದೋಣಿಯ ಚುಕ್ಕಾಣಿ ಮುರಿದು ಅದರವರು ಸಹಾಯ ಕೇಳಿದಾಗ, ನೆರವಿಗೆ ಬಂದು ಎಳೆದುಕೊಂಡು ಹೋದದ್ದು ಇದೇ ಹಡಗು. ಅದನ್ನು ನಡೆಸುವವರಲ್ಲಿ ತರಬೇತಿ ಪಡೆದ ನಾವಿಕರ ಜೊತೆ ನನ್ನ ನಿಮ್ಮಂಥ ಸ್ವಯಂಸೇವಕರೂ ಇರುತ್ತಾರೆ. ಇದನ್ನು ಓದಿದ ದಿನ ಆ ಹುಡುಗಿಯ ಮುಖ ಮತ್ತೆ ಕಣ್ಣಮುಂದೆ ಬಂತು.

ಚಿಂದಿಯಾದ ಅಂಗಿಗಳು

ಖಲಾಸಿಯ ಬಟ್ಟೆ ಯಾಕೆ ಯಾರೂ ಹೊಲಿಯುವುದಿಲ್ಲ? ಚೆಂದ ಇಲ್ಲ ಅನ್ನುವುದು ಒಂದು ಕಾರಣ ಇರಬಹುದು. ಆದರೆ ಇನ್ನೂ ದೊಡ್ಡ ಕಾರಣ ಇದೆ. ನೋಡಿ ಹೊಲಿಯೋಣ ಅಂದರೆ ಆ ಬಟ್ಟೆಗಳು ಉಳಿದೇ ಇಲ್ಲ. ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ ಸಮವಸ್ತ್ರ ಬಂದದ್ದು 1748ರಲ್ಲಿ. ಸಾಮಾನ್ಯ ನಾವಿಕರಿಗೆ ಬಂದದ್ದು 1857ರಲ್ಲಿ. ನೂರು ವರ್ಷದ ಮೇಲೂ ಒಂಬತ್ತು ವರ್ಷ ವ್ಯತ್ಯಾಸ. ಅಲ್ಲಿಯವರೆಗೆ ಖಲಾಸಿಗಳು ತಮ್ಮದೇ ಬಟ್ಟೆ ತೊಡುತ್ತಿದ್ದರು. ಇಲ್ಲದಿದ್ದರೆ ಹಡಗಿನ ಉಗ್ರಾಣದಲ್ಲಿ ಸಿದ್ಧ ಉಡುಪು ಸಿಗುತ್ತಿತ್ತು, ಅದರ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು. ಅಧಿಕಾರಿಯ ಕೋಟನ್ನು ಮಕ್ಕಳು ಮೊಮ್ಮಕ್ಕಳು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರು, ಆಮೇಲೆ ಸಂಗ್ರಹಾಲಯಕ್ಕೆ ಕೊಟ್ಟರು. ಖಲಾಸಿಯ ಅಂಗಿ ಮೈಮೇಲೇ ಸವೆಯಿತು. ತೇಪೆ ಹಾಕಿಸಿಕೊಂಡಿತು. ಆಮೇಲೆ ಚಿಂದಿಯಾಯಿತು. ಆ ಕಾಲದಲ್ಲಿ ಕಾಗದ ಮಾಡುತ್ತಿದ್ದುದು ಲಿನನ್ ಚಿಂದಿಯಿಂದ. ಯಾವನೋ ಖಲಾಸಿಯ ಅಂಗಿ ಕಾಗದವಾಗಿ, ಅದರ ಮೇಲೆ ಯಾವನೋ ಕಪ್ತಾನ ಹಡಗಿನ ದಿನಚರಿ ಬರೆದಿರಲೂಬಹುದು. ಹಾಗೆ ಆಗಿತ್ತೆಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಹಳೆಯ ಕಾಗದ ಮುಟ್ಟಿದಾಗಲೆಲ್ಲ ಈ ಯೋಚನೆ ಬಂದೇ ಬರುತ್ತದೆ.

ಉಳಿದಿರುವ ಸ್ವಲ್ಪ ಬಟ್ಟೆ ಉಳಿದದ್ದು ಹೇಗೆ ಅನ್ನುವುದು ನನ್ನನ್ನು ತುಂಬಾ ಕಾಡಿದ ಕತೆ. 1785ರ ಸೆಪ್ಟೆಂಬರ್‌ನಲ್ಲಿ ಜನರಲ್ ಕಾರ್ಲ್ಟನ್ ಎಂಬ ಇಂಗ್ಲಿಷ್ ಸರಕು ಹಡಗು ಬಾಲ್ಟಿಕ್ ಸಮುದ್ರದಲ್ಲಿ, ಈಗಿನ ಪೋಲೆಂಡಿನ ತೀರದ ಹತ್ತಿರ ಮುಳುಗಿತು. ಅದರಲ್ಲಿ ಕಬ್ಬಿಣ ಇತ್ತು, ಪೀಪಾಯಿಗಟ್ಟಲೆ ಟಾರು ಇತ್ತು. ರಸ್ತೆಗೆ ಹಾಕುವ ಡಾಂಬರಲ್ಲ ಅದು. ಪೈನ್ ಮರ ಸುಟ್ಟು ಇಳಿಸುವ ಕಂದು ಬಣ್ಣದ ಅಂಟು. ಹಗ್ಗಕ್ಕೆ, ಹಲಗೆಗೆ ನೀರು ಹಿಡಿಯದಿರಲಿ ಎಂದು ಹಚ್ಚುತ್ತಿದ್ದರು. ಹಡಗು ಮುಳುಗಿದಾಗ ಪೀಪಾಯಿ ಒಡೆದು ಟಾರು ಒಳಗೆಲ್ಲ ಹರಿಯಿತು. ಖಲಾಸಿಗಳ ಬಟ್ಟೆಗಳು ಅದರಲ್ಲಿ ಅದ್ದಿಹೋದವು. 1995ರಲ್ಲಿ ಆ ಹಡಗು ಸಿಕ್ಕಿದಾಗ, ಇನ್ನೂರು ವರ್ಷ ಕಳೆದರೂ ಆ ಬಟ್ಟೆಗಳು ಹಾಗೇ ಇದ್ದವು. ಜಾಕೆಟ್ಟು, ಕಾಲುಚೀಲ, ಹೆಣೆದ ಉಣ್ಣೆಯ ಟೋಪಿ, ಬೂಟು. ಬೇರೆ ಕಡೆ ಯಾರೂ ಎತ್ತಿಡದ ಬಟ್ಟೆಗಳು ಇವು. ಮೈಕೈಗೆ ಮೆತ್ತಿಕೊಳ್ಳುತ್ತಿದ್ದ ಅದೇ ಟಾರು ಕೊನೆಗೆ ಇವನ್ನು ಕಾಪಾಡಿತು. ಬೇರೆ ದಿನಗಳಲ್ಲೂ ಖಲಾಸಿಗಳು ಟೋಪಿಗೆ, ಮೇಲಂಗಿಗೆ ಟಾರು ಬಳಿದುಕೊಳ್ಳುತ್ತಿದ್ದರು, ಮಳೆ ಇಳಿದುಹೋಗಲಿ ಎಂದು. ಇಂಗ್ಲಿಷಿನಲ್ಲಿ ನಾವಿಕನಿಗೆ 'ಜ್ಯಾಕ್ ಟಾರ್' ಎಂಬ ಅಡ್ಡಹೆಸರೇ ಇದೆ.

ಅಂಗಿಯ ಚೌಕ

ನಾನು ಖಲಾಸಿಯ ಬಟ್ಟೆ ಹೊಲಿಯಲು ಕೂತೆ. ಮೊದಲು ಅಂಗಿ. ಅದನ್ನು ಕತ್ತರಿಸುವ ಕ್ರಮವೇ ಬೇರೆ. ಸೊಂಟಕ್ಕೆ, ಭುಜಕ್ಕೆ ಅಂತ ಬಾಗಿಸಿ ಕತ್ತರಿಸುವುದು ಇಲ್ಲ. ಎಲ್ಲ ಉದ್ದ ಚೌಕ, ಸಮ ಚೌಕ. ಮೈಗೆ ಒಂದು ಉದ್ದ ತುಂಡು, ಅದನ್ನು ಮಡಿಸಿ ಕುತ್ತಿಗೆಗೆ ಸೀಳು. ತೋಳಿಗೆ ಎರಡು. ಕಾಲರಿಗೆ ಒಂದು. ಬಟ್ಟೆ ಒಂದು ಚೂರೂ ಹಾಳಾಗುವುದಿಲ್ಲ. ಕಂಕುಳಿಗೆ ಮಾತ್ರ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸಣ್ಣ ಚೌಕ ಬರುತ್ತದೆ. ಅದನ್ನು ಮೂಲೆಯಿಂದ ಮೂಲೆಗೆ ತಿರುಗಿಸಿ ತೋಳಿಗೂ ಮೈಗೂ ನಡುವೆ ಸೇರಿಸಬೇಕು. ಮೊದಲ ಸಲ ಸೇರಿಸುವಾಗ ನನಗೆ ಅದರ ಕೆಲಸ ಏನು ಅಂತಲೇ ಹೊಳೆಯಲಿಲ್ಲ. ಒಂದೆರಡು ಕಡೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಮುಗಿಸಿ, ತೊಟ್ಟು, ಕನ್ನಡಿ ಮುಂದೆ ನಿಂತು ಎರಡೂ ಕೈ ತಲೆಯ ಮೇಲಕ್ಕೆ ಎತ್ತಿದೆ. ಅಂಗಿಯ ಅಂಚು ಸೊಂಟದಿಂದ ಮೇಲೆ ಸರಿಯಲೇ ಇಲ್ಲ. ಆ ಸಣ್ಣ ಚೌಕ ಕಂಕುಳಲ್ಲಿ ರೆಕ್ಕೆಯ ಹಾಗೆ ಬಿಚ್ಚಿಕೊಂಡು ತೋಳಿಗೆ ಜಾಗ ಕೊಟ್ಟಿತ್ತು. ನನ್ನ ಗೌನು ಕೇಳಿ ಕೇಳಿ ಹರಿದಿದ್ದ ಜಾಗ ಅದೇ. ಇಷ್ಟು ವರ್ಷ ಪುಸ್ತಕದಲ್ಲಿ ಆ ಚೌಕದ ಚಿತ್ರ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಗೊತ್ತಾದದ್ದು ಮಾತ್ರ ಕೈ ಎತ್ತಿದ ಮೇಲೆ.

ಪ್ಯಾಂಟು ಅಗಲ, ಕಣಕಾಲಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ದಡದ ಮೇಲಿನ ಗಂಡಸರು ಮೊಣಕಾಲಿಗೆ ಬಿಗಿಯುವ ಚಡ್ಡಿ ತೊಡುತ್ತಿದ್ದಾಗಲೇ ಹಡಗಿನವರು ಉದ್ದ ಪ್ಯಾಂಟು ಹಾಕುತ್ತಿದ್ದರು. ಒದ್ದೆಯಾದರೆ ಮಡಚಿ ಮೇಲೆತ್ತಿಕೊಳ್ಳಬಹುದು. ಜಾಕೆಟ್ಟು ಗಿಡ್ಡ, ಸೊಂಟಕ್ಕೇ ಮುಗಿಯುತ್ತದೆ. ಹಗ್ಗದೇಣಿ ಹತ್ತುವವನಿಗೆ ಹಿಂದೆ ಜೋಲಾಡುವ ಬಾಲ ಬೇಡ. ಕುತ್ತಿಗೆಗೆ ಒಂದು ಕರವಸ್ತ್ರ, ಬೆವರಿಗೆ. ಇದರಲ್ಲಿ ಅಂದಕ್ಕೆಂದೇ ಇಟ್ಟ ಹೊಲಿಗೆ ಒಂದೂ ಇಲ್ಲ ಅನ್ನಬಹುದು. ಆದರೆ ಎಲ್ಲ ಮುಗಿಸಿ ಗೋಡೆಗೆ ನೇತುಹಾಕಿದಾಗ ನನಗೆ ಗೌನಿಗಿಂತ ಇದೇ ಜಾಸ್ತಿ ಚೆಂದ ಕಂಡಿತು.

ನನ್ನ ಗೆಳತಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವಳು ಅವಳು. "ಚೆನ್ನಾಗಿದೆ ಕಣೇ, ಆದ್ರೆ ಆಗ ಹೆಂಗಸರು ಖಲಾಸಿ ಆಗಿರ್ಲಿಲ್ಲ ಅಲ್ವಾ? ಸುಳ್ಳಾಗುತ್ತೆ" ಅಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನನ್ನ ಹತ್ತಿರ ಎರಡು ಹೆಸರು ಇದ್ದವು. ಹಾನಾ ಸ್ನೆಲ್ ಎಂಬ ಇಂಗ್ಲಿಷ್ ಹೆಂಗಸು ಜೇಮ್ಸ್ ಗ್ರೇ ಎಂಬ ಹೆಸರಿಟ್ಟುಕೊಂಡು, ಗಂಡಸಿನ ಬಟ್ಟೆಯಲ್ಲಿ ನೌಕಾಸೈನಿಕಳಾಗಿ ಹಡಗು ಹತ್ತಿದಳು. 1748ರ ಪಾಂಡಿಚೇರಿ ಮುತ್ತಿಗೆಯವರೆಗೂ ಬಂದಳು. 1750ರಲ್ಲಿ ಊರಿಗೆ ಮರಳಿದ ಮೇಲೆ ತಾನೇ ತನ್ನ ಗುಟ್ಟು ಬಿಚ್ಚಿಟ್ಟಳು, ಪಿಂಚಣಿಯನ್ನೂ ಪಡೆದಳು. ಇನ್ನೊಬ್ಬಳು ಫ್ರಾನ್ಸಿನ ಜ್ಯಾನ್ ಬಾರೆ. 1760ರ ದಶಕದಲ್ಲಿ ಬೂಗನ್‌ವಿಲ್ ಎಂಬವನ ಯಾನದಲ್ಲಿ ಸಸ್ಯಶಾಸ್ತ್ರಜ್ಞನೊಬ್ಬನ ಸಹಾಯಕನಾಗಿ, ಗಂಡಿನ ವೇಷದಲ್ಲಿ ಹೋದವಳು. ಭೂಮಿಯನ್ನು ಸುತ್ತಿಬಂದ ಹೆಂಗಸರಲ್ಲಿ ನಮಗೆ ಗೊತ್ತಿರುವ ಮೊದಲನೆಯವಳು ಅವಳೇ. ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಸರಿ, ಹಾಗಾದ್ರೆ ಕೂದಲು ಕಟ್ಟೋದು ಹೇಗೆ ಅಂತ ನೋಡೋಣ ಬಾ" ಅಂದಳು. ಅವಳು ಹಾಗೆಯೇ. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಕೆಲಸಕ್ಕೆ ಇಳಿದುಬಿಡುತ್ತಾಳೆ.

ಎರಡನೆಯ ಸಲ

ಮುಂದಿನ ವರ್ಷ ಅದೇ ಹಡಗು. ನಾನು ಹತ್ತಿದಾಗ ಆ ಹುಡುಗಿ ಹಗ್ಗ ಸುರುಳಿ ಸುತ್ತುತ್ತಿದ್ದಳು. ತಲೆಯೆತ್ತಿ ನನ್ನ ಅಂಗಿ ನೋಡಿದಳು. ಎದ್ದು ಬಂದು ಕಂಕುಳ ಚೌಕವನ್ನು ಬೆರಳಲ್ಲಿ ಹಿಡಿದು ನೋಡಿದಳು. "ಇದು ನನ್ನ ಜಾಕೆಟ್ಟಿಗೂ ಬೇಕಿತ್ತು" ಅಂದಳು. ಹಾಯಿ ಏರಿಸುವ ಹೊತ್ತಿಗೆ ಅವಳೇ ನನ್ನನ್ನು ಕರೆದು ತನ್ನ ಹಿಂದೆ ನಿಲ್ಲಿಸಿಕೊಂಡಳು.

ಹಗ್ಗ ಎಳೆಯುವುದು ತೋಳಿನ ಕೆಲಸ ಅಂದುಕೊಂಡಿದ್ದೆ. ಅದು ಕಾಲಿನ ಕೆಲಸ, ಬೆನ್ನಿನ ಕೆಲಸ. ಒಬ್ಬ ಕೂಗು ಹಾಕುತ್ತಾನೆ. ಕೂಗಿನ ಕೊನೆಗೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಒರಗಬೇಕು. ಒಬ್ಬರು ಮೊದಲೇ ಎಳೆದರೆ ಅವರ ಬಲ ವ್ಯರ್ಥ. ಒಬ್ಬರು ತಡಮಾಡಿದರೆ ಅಷ್ಟು ಭಾರ ಪಕ್ಕದವರ ಮೇಲೆ. ನಾಲ್ಕೈದು ಎಳೆತ ಆದ ಮೇಲೆ ಕೂಗು ಕಿವಿಗೆ ಬೀಳುವುದು ನಿಂತಂತಾಯಿತು. ಎದುರಿನವಳ ಭುಜ ಹಿಂದೆ ಬರುತ್ತಿದ್ದಂತೆ ನನ್ನ ಮೈ ತಾನಾಗಿ ಹಿಂದೆ ಹೋಗುತ್ತಿತ್ತು. ಅಂಗೈ ಉರಿಯುತ್ತಿತ್ತು. ಮೇಲೆ ಅಡ್ಡಮರ ಒಂದೊಂದೇ ಗೇಣು ಏರುತ್ತಿತ್ತು. ಕೊನೆಗೆ "ಹಿಡಿ!" ಎಂಬ ಕೂಗು. ಮುಂದಿದ್ದವನು ಹಗ್ಗವನ್ನು ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಬಿಗಿದ. ಆಗ ಮಾತ್ರ ಕೈ ಬಿಡಬಹುದು. ಬಿಟ್ಟು ನೋಡಿದರೆ ಅಂಗೈ ತುಂಬಾ ಕಂದು ಬಣ್ಣದ ಅಂಟು. ಹೊಗೆಯ ವಾಸನೆ, ಮರದ ವಾಸನೆ ಎರಡೂ ಸೇರಿದ ಹಾಗೆ. ಟಾರು. ಪುಸ್ತಕದಲ್ಲಿ ಓದಿ ಓದಿ ಬಾಯಿಪಾಠ ಆಗಿದ್ದ ಪದಾರ್ಥ. ಅದು ಅಂಗಿಯ ಮುಂಗೈಗೂ ಮೆತ್ತಿಕೊಂಡಿತ್ತು. ಒಗೆದರೂ ಪೂರ್ತಿ ಹೋಗಲಿಲ್ಲ.

ಕೆಲಸ ಮುಗಿದು ಎಲ್ಲರೂ ಡೆಕ್ ಮೇಲೆ ಕೂತಾಗ ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ದೇಶದವರು ಈ ಥರದ ಹಡಗಲ್ಲಿ ಕೆಲಸ ಮಾಡ್ತಿದ್ದರಂತೆ, ಹೌದಾ? ಅವರು ಏನು ಹಾಕ್ಕೊಳ್ತಿದ್ದರು?" ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಬ್ರಿಟಿಷ್ ಖಲಾಸಿಯ ಅಂಗಿಯ ಕಾಲರಿಗೆ ಎಷ್ಟು ಹೊಲಿಗೆ ಅಂತ ಗೊತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಯೋಚಿಸಿಯೂ ಇರಲಿಲ್ಲ.

ಲಸ್ಕರರು

ಹೌದು, ಮಾಡುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿದ ನಮ್ಮ ಕಡೆಯವರನ್ನು ಲಸ್ಕರರು ಅನ್ನುತ್ತಿದ್ದರು. ಸೈನ್ಯ ಎಂಬ ಅರ್ಥದ ಲಷ್ಕರ್ ಎಂಬ ಪಾರಸಿ ಪದದಿಂದ ಬಂದ ಹೆಸರು. ಅವರ ಮೇಲಿನವನು ಸಾರಂಗ, ಅವನ ಕೈಕೆಳಗಿನವನನ್ನು ಇಂಗ್ಲಿಷ್ ದಾಖಲೆಗಳು 'ಟಿಂಡಲ್' ಎಂದು ಬರೆದಿವೆ. ಅದು ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವ ತಾಂಡೇಲನೇ. ಇಷ್ಟು ದಿನ ಪರದೇಶದ ಹಡಗು ಅಂದುಕೊಂಡಿದ್ದರ ಒಳಗೆ ನನಗೆ ಗೊತ್ತಿದ್ದ ಮಾತೊಂದು ಕೂತಿತ್ತು. ಯೂರೋಪಿನಿಂದ ಬಂದ ನಾವಿಕರಲ್ಲಿ ಎಷ್ಟೋ ಜನ ಕಾಯಿಲೆಯಿಂದ ಸಾಯುತ್ತಿದ್ದರು, ಓಡಿಹೋಗುತ್ತಿದ್ದರು, ಯುದ್ಧ ಬಂದರೆ ನೌಕಾಪಡೆ ಎಳೆದುಕೊಂಡು ಹೋಗುತ್ತಿತ್ತು. ವಾಪಸ್ ಹೋಗಲು ಕೈ ಸಾಲದೆ ಲಸ್ಕರರನ್ನು ಸೇರಿಸಿಕೊಳ್ಳುತ್ತಿದ್ದರು. ಲಂಡನ್ ಮುಟ್ಟಿದ ಮೇಲೆ ಬಹಳ ಜನರ ಪಾಡು ಕೇಳುವವರಿರಲಿಲ್ಲ. ಇಂಗ್ಲಿಷ್ ಹಡಗಿನಲ್ಲಿ ಇಂತಿಷ್ಟು ಪಾಲು ಇಂಗ್ಲಿಷರೇ ಇರಬೇಕು ಎಂಬ ಕಾನೂನು ಇತ್ತು, ಹಾಗಾಗಿ ಊರ ಕಡೆ ಹೊರಟ ಹಡಗಿನಲ್ಲಿ ಇವರಿಗೆ ಕೆಲಸ ಸುಲಭಕ್ಕೆ ಸಿಗುತ್ತಿರಲಿಲ್ಲ. ಊರಿಗೆ ಮರಳುವ ದಾರಿ ಸಿಗುವವರೆಗೆ ಚಳಿಯಲ್ಲಿ ಬೀದಿಯಲ್ಲಿ ಕಾಯುತ್ತಿದ್ದರು. 1786ರಲ್ಲಿ ಲಂಡನ್ನಿನ ಬಡ ಕಪ್ಪು ಜನರ ನೆರವಿಗೆ ಒಂದು ಸಮಿತಿ ಹುಟ್ಟಿತು. ಬೀದಿಯಲ್ಲಿದ್ದ ಲಸ್ಕರರ ಕಷ್ಟ ನೋಡಿಯೇ ಅದಕ್ಕೆ ಜನ ಮನಸ್ಸು ಮಾಡಿದ್ದು.

ನಾನು ಗೌನು ಹೊಲಿದದ್ದು ಸರಿಸುಮಾರು ಅದೇ ವರ್ಷಗಳ ಮಾದರಿಯಲ್ಲಿ. ಅದು ತಿಳಿದ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಮೈಬಣ್ಣದವರು ಆ ಡೆಕ್ ಮೇಲೆ ನಿಜವಾಗಿ ಇದ್ದರು. ಇದ್ದದ್ದು ಹಗ್ಗದ ತುದಿಯಲ್ಲಿ. ಹಡಗಿನ ಮರವೂ ಎಷ್ಟೋ ಸಲ ನಮ್ಮ ಕಡೆಯದೇ. ಟ್ರಿಂಕೊಮಲಿ ಎಂಬ ಯುದ್ಧನೌಕೆಯನ್ನು 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿದರು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಅದು ಇವತ್ತಿಗೂ ನೀರಿನ ಮೇಲೆ ತೇಲುತ್ತಿದೆ. ಹಡಗು ಉಳಿಯಿತು. ಅಂಥ ಹಡಗುಗಳಲ್ಲಿ ಹಗ್ಗ ಎಳೆದ ಲಸ್ಕರರ ಅಂಗಿ ಒಂದನ್ನಾದರೂ ನೋಡಿ ಅಳತೆ ತೆಗೆದುಕೊಳ್ಳೋಣ ಅಂತ ಹುಡುಕುತ್ತಿದ್ದೇನೆ, ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ಚಿತ್ರಗಳಿವೆ. ಸಡಿಲವಾದ ಹತ್ತಿಯ ಪಾಯಿಜಾಮ, ಮೇಲೊಂದು ಅಂಗಿ, ಸೊಂಟಕ್ಕೆ ಸುತ್ತಿದ ಉದ್ದ ಬಟ್ಟೆ, ತಲೆಗೆ ರುಮಾಲು ಇಲ್ಲವೇ ಟೋಪಿ. ಚಿತ್ರ ಬರೆದವರು ಹೊರಗಿನವರು, ಹೊಲಿಗೆ ಎಲ್ಲಿ ಬರುತ್ತದೆ ಅಂತ ಅವರು ನೋಡಿಲ್ಲ. ಅದನ್ನು ನಾನೇ ಕೈಯಿಂದ ಹುಡುಕಬೇಕು. ಈ ಸಲ ಅದನ್ನೇ ಹೊಲಿಯುತ್ತಿದ್ದೇನೆ. ಬಟ್ಟೆ ತೆಳು ಹತ್ತಿ. ಹೋದ ಸಲ ಉಣ್ಣೆಯ ಜಾಕೆಟ್ಟಿನಲ್ಲೂ ಸಮುದ್ರದ ಗಾಳಿಗೆ ನಡುಗಿದ್ದೆ. ಈ ಬಟ್ಟೆಯಲ್ಲಿ ಹೇಗಿರುತ್ತದೆ ಅನ್ನುವುದು ಮೈಗೆ ಗೊತ್ತಾಗಲಿ ಅಂತಲೇ ಬೇರೆ ಬಟ್ಟೆ ಸೇರಿಸುತ್ತಿಲ್ಲ. ಒಳಗೆ ಬೆಚ್ಚನೆಯದು ಹಾಕಿಕೋ ಅಂತ ಗೆಳತಿ ದಿನಾ ಹೇಳುತ್ತಾಳೆ. ಜೊತೆಗೆ ಕೂತು ಪಾಯಿಜಾಮದ ಒಂದು ಕಾಲು ಅವಳೇ ಹೊಲಿದುಕೊಟ್ಟಿದ್ದಾಳೆ.

ಬರಿಗಾಲಲ್ಲಿ ಬರಬಹುದಾ ಅಂತ ಹಡಗಿನ ಹುಡುಗಿಗೆ ಸಂದೇಶ ಕಳಿಸಿದ್ದೆ. ಲಸ್ಕರರ ಸೊಂಟದ ಬಟ್ಟೆಯ ಚಿತ್ರವನ್ನೂ ಸೇರಿಸಿ ಕಳಿಸಿದ್ದೆ. ನಿನ್ನೆ ಅವಳ ಉತ್ತರ ಬಂತು. ಕಾಲಿಗೆ ಮಾತ್ರ ಶೂ ಬೇಕೇ ಬೇಕು, ಅದು ಹಡಗಿನ ನಿಯಮ ಅಂತ ಬರೆದಿದ್ದಾಳೆ. ಸೊಂಟದ ಬಟ್ಟೆ ಬರಲಿ, ಆದರೆ ತುದಿ ಎರಡನ್ನೂ ಒಳಗೆ ಸಿಕ್ಕಿಸಿ ಬಿಗಿಯಾಗಿ ಕಟ್ಟಿ, ಹಗ್ಗಕ್ಕೆ ಸಿಗಬಾರದು ಅಂತಲೂ ಬರೆದಿದ್ದಾಳೆ. ನನ್ನ ಜಾಗ ಈ ಸಲವೂ ಅವಳ ಹಿಂದೆಯೇ ಅಂತೆ. ಬೆಳಗ್ಗೆಯಿಂದ ಆ ಉದ್ದ ಬಟ್ಟೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದೇನೆ. ಎಡಗಡೆಯ ತುದಿ ಇನ್ನೂ ಜಾರುತ್ತಿದೆ.